ದಡದಲ್ಲಿ ಕೂತ ತಂಡೇಲ

ಕಡಲ ದಂಡೆಯ ಒಂದೂರಲ್ಲಿ ಒಬ್ಬ ತಂಡೇಲ ಇದ್ದ. ತಂಡೇಲ ಅಂದರೆ ಬಲೆಯ ಯಜಮಾನ ಅಲ್ಲ, ನೋಡಿ, ಬಲೆ ಊರಿನದು. ದೋಣಿಯಿಂದ ಬಲೆ ಎಲ್ಲಿ ಬಿಡಬೇಕು, ದಡದಲ್ಲಿ ನಿಂತ ಜನ ಹಗ್ಗ ಯಾವಾಗ ಎಳೆಯಬೇಕು ಅಂತ ಕೂಗಿ ಹೇಳುವವನು. ಅವನು ಕೂಗದೆ ಯಾರೂ ಹಗ್ಗ ಮುಟ್ಟುವಂತಿಲ್ಲ.

ವಯಸ್ಸಾಯಿತು. ಮೊಣಕಾಲು ಬಾತುಕೊಂಡಿತು. ಊರವರು ಕೂಡಿ ಒಬ್ಬ ತರುಣನನ್ನು ಆರಿಸಿದರು. ಮುದುಕ ಎಲ್ಲರ ಮುಂದೆ, "ಆಗಲಿ, ಹುಡುಗರು ಮುಂದೆ ಬರಬೇಕು" ಅಂದ. ನಾವೂ ಹಾಗೇ ಅನ್ನುತ್ತೇವೆ, ಅಲ್ಲವೇ? ಸಭೆಯಲ್ಲಿ ಅನ್ನುತ್ತೇವೆ. ಮನೆಗೆ ಹೋದರೆ ಊಟ ಸೇರುವುದಿಲ್ಲ.

ಹುಡುಗ ದಿನಾ ಸಂಜೆ ಬಂದು ಮುದುಕನ ಜಗಲಿಯಲ್ಲಿ ಕೂರುತ್ತಿದ್ದ. "ಅಜ್ಜಾ, ನಾಳೆ ಯಾವ ಕಡೆ ಬಿಡೋಣ?"

"ನನ್ನನ್ನೇನು ಕೇಳ್ತೀಯಾ? ಈಗ ತಂಡೇಲ ನೀನಲ್ವಾ?"

ಆದರೂ ಬಲೆ ತುಂಬಿ ಬಂತು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಬಂಗಡೆ ಸಾರು ಬಡಿಸುತ್ತಾ ಹೆಂಡತಿಯೇ ಅಂದಳು: "ಹುಡುಗ ಎಷ್ಟು ಚೆಂದ ಕೂಗ್ತಾನೆ! ನಿಮ್ಮ ಹಾಗೆ ಬೈಗುಳಕ್ಕೆ ಎಲ್ಲರ ಅಪ್ಪ-ಅಮ್ಮನನ್ನು ಎಳೆದು ತರೋದಿಲ್ಲ." ಮುದುಕ ಅರ್ಧ ಊಟಕ್ಕೇ ಕೈ ತೊಳೆದ.

ಒಂದು ಬೆಳಿಗ್ಗೆ ಅವನು ದಡದಲ್ಲಿ ಕೂತಿದ್ದಾಗ ದೋಣಿ ಒಂದು ಕಡೆ ಹೋಗಿ ನಿಂತಿತು. ಅಲ್ಲಿ ನೀರು ಸಣ್ಣಗೆ ಸುತ್ತುತ್ತಿತ್ತು. ಮಳೆಗಾಲದಲ್ಲಿ ಹೊಳೆ ತಂದ ಮರದ ಬೊಡ್ಡೆ ಕೆಳಗೆ ಹೂತಿದೆ ಎಂದು ಮುದುಕನಿಗೆ ನೋಡಿದೊಡನೆ ತಿಳಿಯಿತು. ಹುಡುಗನಿಗೂ ಏನೋ ಅನುಮಾನ. ಕೈ ಎತ್ತಿ ಕೂಗಿದ: "ಅಜ್ಜಾ, ಇಲ್ಲಿ ಬಿಡಲಾ?"

ಬೇಡ. ಎರಡೇ ಅಕ್ಷರ. ಮುದುಕ ಅದನ್ನು ನುಂಗಿ, ಕವಳದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಬೈಯಲಿಲ್ಲ. ಸುಳ್ಳು ಹೇಳಲಿಲ್ಲ. ಸುಣ್ಣ ಹಚ್ಚಿದ, ಅಷ್ಟೇ.

ಬಲೆ ಬೊಡ್ಡೆಗೆ ಸಿಕ್ಕಿ ನಡುವೆ ಹರಿಯಿತು. ಊರಿಗೆ ಇದ್ದದ್ದು ಅದೊಂದೇ. ಹುಡುಗ ದಡಕ್ಕೆ ಬಂದು, "ತಪ್ಪು ನಂದೇ. ಅಜ್ಜಾ, ಇನ್ನು ನೀವೇ ನಿಲ್ಲಿ" ಅಂದ. ಮುದುಕನಿಗೆ ಬೇಕಾದದ್ದು ಸಿಕ್ಕಿತು. ಬಲೆ ಹೊಲಿದ ಮೇಲೆ ಮತ್ತೆ ಅವನೇ ಕೂಗಿದ. ಹಗ್ಗ ಹಿಡಿಯಲು ಬಂದವರೆಲ್ಲ ಅವನ ವಯಸ್ಸಿನವರು. ಬಲೆ ಹರಿದು ಕೆಲಸ ನಿಂತಾಗಲೇ ಹುಡುಗರು ಬೇರೆ ಬಂದರಿನ ದೋಣಿಗಳಿಗೆ ಕೂಲಿಗೆ ಹೋಗಿದ್ದರು. ಎಳೆದರು, ಎಳೆದರು. ಬಲೆ ದಡಕ್ಕೆ ಬರಲಿಲ್ಲ.

ನಾವು ಯಾರಿಗೂ ಕೆಡುಕು ಮಾಡಿಲ್ಲ ಸ್ವಾಮಿ, ಅನ್ನುತ್ತೀರಿ. ಸರಿ. ಹೋದ ಸೋಮವಾರ ಇದೇ ಮಠದ ಸಭೆಯಲ್ಲಿ ಯುವ ಸಂಘದ ಹೆಣ್ಣುಮಗಳೊಬ್ಬಳು ಎದ್ದು, "ಈ ಸಲ ದಾಸೋಹದ ಕೆಲಸ ನಮ್ಮದು. ಒಲೆ ಎಲ್ಲಿ ಹೂಡಿದರೆ ಹೊಗೆ ಪಂಕ್ತಿಗೆ ಬರೋದಿಲ್ಲ?" ಅಂತ ಕೇಳಿದಳು. ವರ್ಷಗಟ್ಟಲೆ ಒಲೆ ಹೂಡಿಸಿದವರು ಮುಂದಿನ ಸಾಲಿನಲ್ಲೇ ಇದ್ದಿರಿ. ಒಬ್ಬರು ಶಲ್ಯ ಸರಿಮಾಡಿಕೊಂಡಿರಿ. ಒಬ್ಬರು ಫೋನು ನೋಡಿದಿರಿ. ಹೊಗೆ ಬರಲಿ, ಜನ ಕಣ್ಣೊರೆಸಿಕೊಂಡು ನಮ್ಮನ್ನು ನೆನೆಯಲಿ ಅಂತಲ್ಲವೇ?

ಇನ್ನು ಮೇಲೆ, ಕೇಳಿದಾಗ ಹೇಳಿ. ಕೇಳದಿದ್ದರೂ ಹತ್ತಿರ ಕರೆದು ಹೇಳಿ. ಅವರು ಗೆದ್ದ ದಿನ ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಅವರ ಹೆಸರು ಹಿಡಿದು ಹೊಗಳಿ. ಹೊಟ್ಟೆ ಉರಿಯುತ್ತದೆ. ಉರಿಯಲಿ, ಆದರೂ ಹೊಗಳಿ.

ಆ ಮಗಳು ಅಗೋ, ಕಂಬದ ಪಕ್ಕ ಕೂತಿದ್ದಾಳೆ. ಮಂಗಳ ಹಾಡುವ ಮುಂಚೆ ಯಾರಾದರೂ ಎದ್ದು ಹೇಳಿ, ಒಲೆ ಎಲ್ಲಿ ಹೂಡಬೇಕು?

ನಾನು ಕಾಯುತ್ತೇನೆ.