ಕಪಾಟಿನೊಳಗಿನ ಪಾಸ್‌ವರ್ಡ್

ಅಕ್ಕಿಆಲೂರಿನ ಬಸ್‌ ನಿಲ್ದಾಣದ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಿದ್ದ ಸುಶೀಲವ್ವನ ಪಕ್ಕ ಊರ ಕಾಲೇಜಿನ ಗ್ರಂಥಪಾಲಕರೂ ಅಲ್ಲೇ ಸಂಶೋಧನೆ ಮಾಡುವ ಮಧುಶ್ರೀಯೂ ಕೂತಿದ್ದರು. ಬೇಡವೆಂದರೂ ಅವರ ಮಾತು ಸುಶೀಲವ್ವನ ಕಿವಿಗೆ ಬೀಳುತ್ತಿತ್ತು.

“ಸರ, ವಿಶ್ವವಿದ್ಯಾಲಯಗಳು ಕೂಡಿ ಜರ್ನಲ್ ಹಂಚ್ಕೊಳ್ಳೋ ಒಕ್ಕೂಟದಾಗ ನಮ್ಮ ಕಾಲೇಜೂ ಇತ್ತಂತಲ್ರಿ?”

“ಇತ್ತವಾ, ಎರಡು ವರ್ಷ.”

“ಮತ್ತ ನನಗ ಯಾಕ ಹೇಳ್ಲಿಲ್ಲ?”

“ಜರ್ನಲ್ ತಗಿಯೋ ಪಾಸ್‌ವರ್ಡ್ ಚೀಟಿ ಮಂದಿ ಕೈಗೆ ಸಿಕ್ಕು ಕೆಡಬಾರ್ದಂತ ಕಪಾಟಿನ್ಯಾಗಿಟ್ಟು ಕೀಲಿ ಹಾಕಿದ್ನಿ.”

“ಈಗರ ಕೊಡ್ರಿ.”

“ಯಾರೂ ಓದೇ ಇಲ್ಲಂತ ಒಕ್ಕೂಟದವ್ರು ನಮ್ಮನ್ನ ಪಟ್ಟಿಯಿಂದ ತಗದ್ರವಾ.”

“ನಾ ಒಂದೊಂದು ಲೇಖನಕ್ಕ ಧಾರವಾಡಕ್ಕ ಅಡ್ಡಾಡೇನ್ರಿ, ಸರ.”

ಹಾನಗಲ್ ಬಸ್ಸು ಬಂತು. ಮಧುಶ್ರೀ ಎದ್ದಳು.

“ಆ ಕಪಾಟಿನ ಕೀಲಿಕೈ ಐತೇನ್ರಿ?”

ಗ್ರಂಥಪಾಲಕರು ಗಾಬರಿಯಿಂದ ಜೇಬು ಮುಟ್ಟಿಕೊಂಡರು.

“ಐತಿ.”

“ಜ್ವಾಕಿಲೆ ಇಟ್ಕೋರಿ,” ಎಂದು ಅವಳು ಬಸ್ಸು ಹತ್ತಿಬಿಟ್ಟಳು.