ಡ್ರೈವರ್ ಕಡೆಯ ತುಂಡು

…ಅಲ್ಲಲ್ಲ, ಅಲ್ಲಿ ಕೂರಬೇಡ ಅಕ್ಕ, ಅದು ಅಂಟಿನ ಡಬ್ಬ! ಮುಚ್ಚಳ ಸಡಿಲ ಇದೆ, ಆಮೇಲೆ ಡಬ್ಬ ಸಮೇತ ಮನೆಗೆ ಹೋಗಬೇಕಾಗುತ್ತೆ. ಇಗೋ, ಈ ಸೀಟ್ ಮೇಲೆ ಕೂರು. ಕಾರಿಂದ ಬಿಚ್ಚಿಟ್ಟಿದೀನಿ, ಭಾವ ಆವತ್ತು ಕೂತಿದ್ದ… ಅಯ್ಯೋ. ಬೇಡ, ಬೇಡ, ಸ್ಟೂಲ್ ತಗೋ. ನನ್ನ ಬಾಯಿಗೊಂದು ಬೀಗ ಇಲ್ಲ ನೋಡು.

ಏನಂದೆ? ಮಗಳು ಭಾನುವಾರನೇ ಬರ್ತಾಳಾ ಕಾರಿಗೆ? ಫೋನ್ ಮಾಡಿದ್ಲಾ ನಿನಗೆ? …ಓ, ಮೆಸೇಜು. ಏನಂತ? "ಕಾರು ರೆಡಿನಾ." ಅಷ್ಟೇನಾ? "ಅಮ್ಮ" ಅಂತ ಕೂಡ ಇಲ್ವಾ? ಹೋಗ್ಲಿ ಬಿಡು ಅಕ್ಕ. ಎರಡು ವರ್ಷದಿಂದ ಅಜ್ಜಿ ಮನೇಲಿ ಕೂತು ಹೆತ್ತಮ್ಮನ ಮುಖ ನೋಡದವಳು, ಅಪ್ಪನ ಕಾರು ನಾನು ಓಡಿಸ್ತೀನಿ ಅಂತ ಕೇಳಿದ್ಲಲ್ಲ, ಅಷ್ಟು ಸಾಕು. ಅಮ್ಮನೇ ಅಪ್ಪನ್ನ ಕೊಂದ್ಲು ಅಂತ ಅವಳ ತಲೆಗೆ ತುಂಬಿದ್ದೇ ಆ ಅಜ್ಜಿ. ಬ್ರೇಕ್ ಅಂದ್ಕೊಂಡು ಎಕ್ಸಲೇಟರ್ ತುಳಿದ್ಲು, ಕಾರು ತಗೊಂಡೋಗಿ ಗೋಡೆಗೆ ಗುದ್ದಿದ್ಲು ಅಂತ ಬೀದಿ ಬೀದೀಲಿ ಡಂಗುರ ಸಾರಿದ್ರಲ್ಲ… ಆಯ್ತು, ಆಯ್ತು, ಕಣ್ಣು ಬಿಡಬೇಡ. ನಿಮ್ಮತ್ತೆ ಸುದ್ದಿ ಎತ್ತಲ್ಲ. ಮಗನ್ನ ಕಳ್ಕೊಂಡವರು ಅವರೂ.

ಬಾ, ಕೆಲಸ ನೋಡು. ಕಾರಿನ ನೆಲಕ್ಕೆಲ್ಲ ಹೊಸ ಕಾರ್ಪೆಟ್. ಬಣ್ಣ ಹೇಗಿದೆ? ಕೆಂಗಂದು. ಭಾವ ಇದ್ದಿದ್ರೆ ಇದನ್ನೇ ಆರಿಸ್ತಿದ್ರು. ಗೊತ್ತಾ, ಮದುವೆ ದಿನ ನನ್ನ ಕಿವೀಲಿ ಏನಂದಿದ್ರು ಅಂತ? "ನೋಡಯ್ಯಾ, ಈ ಕಾರು ನನ್ನ ಮೊದಲನೇ ಹೆಂಡ್ತಿ. ನಿಮ್ಮಕ್ಕ ಹೊಂದ್ಕೊಂಡು ಹೋಗಬೇಕು!" …ಯಾಕೆ ನಗ್ತೀಯಾ? ಓಹೋ, ನಿನಗೂ ಅದನ್ನೇ ಹೇಳಿದ್ರಾ? ಕಿಲಾಡಿ ಮನುಷ್ಯ. ನಗು ಅಕ್ಕ, ನಗು. ನೀನು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತೋ ಏನೋ. …ಅಯ್ಯೋ, ಅಳ್ತೀಯಲ್ಲ ಈಗ. ಈ ಬಟ್ಟೆ ತಗೋ, ಒಗೆದಿಟ್ಟಿದ್ದು.

ಮೊದಲು ನಡುವಿನ ಉಬ್ಬಿಗೆ ಹಾಕಿದೆ, ಗೇರ್ ಇರುತ್ತಲ್ಲ, ಅಲ್ಲಿ. ಆಮೇಲೆ ಹಿಂದಿನದು. ಬೋಲ್ಟ್ ತೂತಿಗೆ ಚಾಕು ಹಾಕಬಾರದು, ನೂಲು ಎಳೆದು ಎಳೆದು ಬರುತ್ತೆ. ಕಾದ ಸಲಾಕೆಲಿ ಸುಡಬೇಕು. ಅಳತೆಗೆ ಟೇಪ್ ಬೇಕಿಲ್ಲ. ಹಳೇ ತುಂಡನ್ನ ಹೊಸದರ ಮೇಲೆ ಬೋರಲು ಹಾಕಿ, ಸುತ್ತ ಸೀಮೆಸುಣ್ಣ ಎಳೆದು, ಗೆರೆ ಹಿಡಿದು ಕತ್ತರಿಸೋದು. ಅಂದಾಜಿನ ಕೆಲಸ ನನ್ನ ಹತ್ರ ನಡೆಯೋದೇ ಇಲ್ಲ…

ಯಾವ್ದು? ಡ್ರೈವರ್ ಕಡೇದಾ? ಅದು… ಅದನ್ನ ಮಾತ್ರ ಅಂದಾಜಿಗೇ ಕತ್ತರಿಸಿದೆ. ಸರಿಯಾಗೇ ಕೂತಿದೆ, ಬಗ್ಗಿ ನೋಡು. ಸುಮ್ಮನೆ ಹಾಸಿದೀನಿ, ಅಂಟು ಆಮೇಲೆ. …ಹಳೇದು ಇಲ್ಲ ಅಕ್ಕ. ಗಾಜಿನ ಚೂರು, ಎಣ್ಣೆ, ಎಲ್ಲ ಆಗಿತ್ತಲ್ಲ. ಬಿಸಾಕಿದೆ.

ಏನು? ನಾನು ಹಳೇ ತುಂಡು ಬಿಸಾಕೋನೇ ಅಲ್ವಾ? ಹೂಂ, ಅದೂ ನಿಜ. ಮೂವತ್ತು ವರ್ಷದ್ದು ಅಟ್ಟದ ತುಂಬ ಇದೆ. ನನ್ನ ಹೆಂಡ್ತಿ ದಿನಾ ಬೈತಾಳೆ, ಸತ್ತಾಗ ನಿಮ್ಮನ್ನ ಇದರಲ್ಲೇ ಸುತ್ತಿ ಕಳಿಸ್ತೀನಿ ಅಂತ. ಹಹ್ಹಾ! ಆದ್ರೆ ಇದೊಂದನ್ನ ಮಾತ್ರ ಸುಟ್ಟೆ. …ಬಿಸಾಕಿದೆ ಅಂದ್ನಾ? ಬಿಸಾಕಿ, ಆಮೇಲೆ ಸುಟ್ಟೆ. ಎಲ್ಲಾ ಒಂದೇ ಅಲ್ವಾ?

ಯಾವಾಗ ಅಂದ್ರೆ… ಆವತ್ತೇ. ಕಾರನ್ನ ಪೊಲೀಸ್ ಸ್ಟೇಷನ್ ಅಂಗಳದಲ್ಲಿ ನಿಲ್ಲಿಸಿದ್ರಲ್ಲ, ಭಾವನ ಕನ್ನಡಕ, ನಿನ್ನ ಚೀಲ ತರೋಕೆ ಹೋಗಿದ್ನಲ್ಲ. ಆ ತುಂಡು ನೋಡಿದ್ರೆ ನಿನಗೆ ಸಂಕಟ ಆಗುತ್ತೆ ಅಂತ ಕಿತ್ಕೊಂಡು ಬಂದೆ. ಅಷ್ಟೇ. ನಿನಗೋಸ್ಕರ. …ಹೌದು, ಹಿಂದಿನ ಸಲನೂ ನಾನೇ ಹಾಕಿದ್ದು. ಹೌದು, ಆವತ್ತು ಬೆಳಿಗ್ಗೆನೇ. ಅದೆಲ್ಲ ಈಗ್ಯಾಕೆ? ಕಾಫಿ ತರಿಸ್ಲಾ?

ಮತ್ತೆ ಅದೇ ಮಾತು! "ನಾನು ಪೆಡಲ್ ಮೇಲಿಂದ ಕಾಲು ತೆಗೆದೆ ಕಣೋ, ತೆಗೆದ್ರೂ ಕಾರು ಓಡ್ತಾನೇ ಇತ್ತು." ಆಸ್ಪತ್ರೆಲೇ ಹೇಳಿದ್ನಲ್ಲ ಅಕ್ಕ, ಗಾಬರೀಲಿ ಹಾಗೆಲ್ಲ ಅನ್ಸುತ್ತೆ ಅಂತ. ನೀನೂ ಒಪ್ಕೊಂಡೆ. ಆಮೇಲೆ ನೀನೇ ಎಲ್ಲರ ಮುಂದೆ, ನನ್ನ ಕಾಲೇ ತಪ್ಪಿದ್ದು, ನನ್ನ ಕಾಲೇ ತಪ್ಪಿದ್ದು ಅಂತಿದ್ದೆ. ಮಗಳ ಮುಂದೆನೂ ಅಂದೆ. ಇಷ್ಟು ದಿನ ಆದ್ಮೇಲೆ ಅದನ್ನ ಯಾಕೆ ಕೆದಕ್ತೀಯಾ…

ಎಲ್ಲಿಗೆ ಎದ್ದೆ? ಒಳಗೆ ಹೋಗಬೇಡ, ಸೀಟ್ ಇಲ್ಲ, ಮಂಡಿ ತರಚುತ್ತೆ. ಅಕ್ಕ! ಹೇಳಿದ್ದು ಕೇಳು. ಪೆಡಲ್ ಯಾಕೆ ಮುಟ್ತೀಯಾ? ಕೈಯಲ್ಲಿ ಒತ್ತಬೇಡ, ಒತ್ತಬೇಡ ಅಂದೆ! ಅಂಚಿಗಿನ್ನೂ ಅಂಟು ಹಾಕಿಲ್ಲ, ಮಡಿಚ್ಕೊಂಡು ಮೇಲೆ ಬಿದ್ರೆ ಪೆಡಲ್ ಮತ್ತೆ ಏಳೋದೇ ಇಲ್ಲ, ನೀನು ಬಿಟ್ರೂ ಅದು…

…

ಅಕ್ಕ.

ಕೈ ತೆಗೆದೆ ಅಲ್ವಾ? …ಹೂಂ. ಕೆಳಗೇ ಇದೆ.

ಹಾಗೆ ನೋಡಬೇಡ, ಬೈಯಿ, ಇಲ್ಲ ಎರಡು ಬಾರಿಸು. ಚಿಕ್ಕವನಿದ್ದಾಗ ಬಾರಿಸ್ತಿರ್ಲಿಲ್ವಾ?

ಅಂಟು ಮುಗಿದಿತ್ತು ಅಕ್ಕ ಆವತ್ತು. ಡಬ್ಬದ ತಳ ಕೆರೆದು ಕೆರೆದು ಹಾಕಿದೆ. ಕೊನೇಲಿ ಒಂದು ಗೇಣು ಅಂಚು ಉಳೀತು, ಎಕ್ಸಲೇಟರ್ ಹತ್ರ. ಭಾವ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ರು. ಸದ್ಯಕ್ಕೆ ಹೀಗೇ ಸಿಗಿಸಿಡೋಣ, ನಾಳೆ ಅಂಟಿಸಿದ್ರಾಯ್ತು ಅಂದ್ಕೊಂಡೆ. ಸದ್ಯಕ್ಕೆ! ಎಷ್ಟು ಕಾರಿಗೆ ಹಾಗೆ ಮಾಡಿದೀನೋ, ಯಾರಿಗೂ ಏನೂ ಆಗಿರ್ಲಿಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಆಗ್ತಿತ್ತು, ನಿಧಾನಕ್ಕೆ ಹೋಗು, ನೋಡ್ಕೊಂಡು ತುಳಿ ಅಂತ. ಹೇಳ್ಲಿಲ್ಲ. ಸ್ಟೇಷನ್ ಅಂಗಳದಲ್ಲಿ ಬಾಗಿಲು ತೆಗೆದಾಗ ಹೀಗೇ ಇತ್ತು, ಈಗ ಇದೆಯಲ್ಲ, ಥೇಟ್ ಹೀಗೇ. ಮನೆಗೆ ತಂದು ಸುಟ್ಟೆ. ಸುಟ್ಟು, ಕೈ ತೊಳ್ಕೊಂಡು ಆಸ್ಪತ್ರೆಗೆ ಬಂದೆ. ನೀನು ನನ್ನ ಕೈ ಹಿಡ್ಕೊಂಡು, ಕಾಲು ತೆಗೆದೆ ಕಣೋ ಅಂದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ತಲೆ ಸವರಿ, ಗಾಬರೀಲಿ ಹಾಗನ್ಸುತ್ತೆ ಅಂದೆ. ಹೆದರಿಕೆ ಅಕ್ಕ, ಬರೀ ಹೆದರಿಕೆ. ನಾಳೆ ಹೇಳ್ತೀನಿ, ನಾಡಿದ್ದು ಹೇಳ್ತೀನಿ ಅಂತ ಎರಡು ವರ್ಷ ತಳ್ಳಿದೆ. ಮಗಳು ಮನೆ ಬಿಟ್ಟು ಹೋದಾಗ್ಲೂ ಗಂಟಲವರೆಗೆ ಬಂತು, ನುಂಗ್ಕೊಂಡೆ.

ಎಲ್ಲಿಗೆ? ಹೋಗ್ತಿದೀಯಾ? …ಫೋನ್ ಯಾಕೆ? ಯಾರಿಗೆ ಹಚ್ತಿದೀಯಾ? ಅಕ್ಕ, ಬೇಡ… ನನ್ನ ಕೈಗ್ಯಾಕೆ ಕೊಡ್ತೀಯಾ? ನಾನಾ? ಭಾನುವಾರ ಬರ್ತಾಳಲ್ಲ, ಕೂರಿಸ್ಕೊಂಡು ಎದುರಿಗೇ ಹೇಳ್ತೀನಿ, ದೇವ್ರಾಣೆಗೂ ಹೇಳ್ತೀನಿ… ರಿಂಗ್ ಆಗ್ತಿದೆ… ಅಕ್ಕ…

ಹಲೋ? ಪುಟ್ಟಿ… ಇಡಬೇಡ, ಇಡಬೇಡ ಕಣೇ, ಅಮ್ಮ ಅಲ್ಲ, ನಾನು, ಮಾಮ. …ಕಾರಿಗೇನೂ ಆಗಿಲ್ಲ. ಕಾರಿನ ವಿಷಯ ಅಲ್ಲ. ಇಲ್ಲೇ ಇದಾಳೆ, ನನ್ನೆದುರಿಗೇ ನಿಂತಿದಾಳೆ. ಪುಟ್ಟಿ, ನಾನು ಹೇಳೋದು ಪೂರ್ತಿ ಕೇಳು, ಆಮೇಲೆ ಏನು ಬೇಕಾದ್ರೂ ಅನ್ನು. ಆವತ್ತು… ಆವತ್ತು ನಿಮ್ಮಮ್ಮ ಕಾಲು ತೆಗೆದಿದ್ಲು ಕಣೇ.