ಬಾಗಿಲಿಗೆ ಕಟ್ಟಿದ ಗರಿ

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ಬಾಯಲ್ಲಿ ಹೇಳಿದರೆ ಹುಟ್ಟುವ ಹೆದರಿಕೆ ಬರಹದಲ್ಲಿ ಹುಟ್ಟುತ್ತದೋ ಇಲ್ಲವೋ... ಆದರೆ ನಡೆದದ್ದು ಹೌದು. ನಡೆದದ್ದು ನನ್ನ ದೊಡ್ಡಮ್ಮನ ಮಗ ಅಣ್ಣುವಿಗೆ, ಐವತ್ತಾರನೇ ಇಸವಿಯಲ್ಲಿ. ಅವನು ನನಗಿಂತ ದೊಡ್ಡವ. ಕತೆಯಾದ್ದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇರೇನಲ್ಲ.

ಆ ರಾತ್ರಿ ಕೊನೆಯ ಲೋಕಲ್ ರೈಲಿನಿಂದ ಚೆಂಬೂರಿನಲ್ಲಿ ಇಳಿದ ನಾಲ್ಕಾರು ಮಂದಿಯೂ ಬೇರೆ ಬೇರೆ ದಾರಿ ಹಿಡಿದರು. ಅಣ್ಣು ಒಬ್ಬನೇ ಆಲದ ಮರದ ಪಕ್ಕದ ಬಾವಿಯ ಕಡೆಗೆ ತಿರುಗಿದ. ಕಟ್ಟೆಯ ಬಳಿ ಒಂದು ಗಿಡ್ಡ ತೆಂಗು. ಕೈಗೆಟುಕಿದ ಹಸಿರು ಗರಿ ಹಿಡಿದು ಎಳೆದ. ಚರ್‍ರ್... ಅದರ ಹಿಂದೆಯೇ ಬಾವಿಯೊಳಗೆ... ಬುಳುಕ್. ಕಲ್ಲು ಬಿದ್ದ ಸದ್ದಲ್ಲ. ಕಲ್ಲಾದರೆ ದುಡುಂ ಎನ್ನುತ್ತದೆ. ಇದು ಕೊಡ ನೀರಿನಲ್ಲಿ ಮುಳುಗುವ ಸದ್ದು. ಕಟ್ಟೆಯ ಮೇಲೆ ಹಗ್ಗವಿರಲಿಲ್ಲ, ಜನವೂ ಇರಲಿಲ್ಲ. ಅಣ್ಣು ಹಿಂತಿರುಗಿ ನೋಡದೆ ನಡೆದ.

ಗರಿ ಯಾಕೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಅಣ್ಣು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಅಡುಗೆಯವ; ಮಲಗುವುದೂ ಅಲ್ಲೇ. ಊರಿನಲ್ಲೇ ಉಳಿದಿದ್ದ ಹೆಂಡತಿ ವಸಂತಿಯನ್ನು ಕರೆಸಿಕೊಳ್ಳಲೆಂದು ಚೆಂಬೂರಿನ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದ. ಮಂಚ, ಕನ್ನಡಿ, ಹಿತ್ತಾಳೆ ಪಾತ್ರೆ, ಪಿಂಗಾಣಿಯ ಕಪ್ಪು-ಬಸಿ, ಎಲ್ಲ ಅವಳಿಗೆಂದು ಒಂದೊಂದಾಗಿ ಕೂಡಿಸಿದ್ದ. ಅವಳು ಬರುವ ತನಕ ಖಾಲಿ ಯಾಕೆಂದು, ಆಸ್ಪತ್ರೆಗೆ ತೋರಿಸಲು ಊರುಗಳಿಂದ ಬರುವವರಿಗೆ ವಾರದ ಬಾಡಿಗೆಗೆ ಕೊಡುತ್ತಿದ್ದ. ಬಂದವರು ಗೋಡೆಗೆ ಎಲೆಯಡಿಕೆ ಉಗಿದರು. ಸ್ಟವ್ವನ್ನು ಮಂಚದ ಮೇಲಿಟ್ಟು ಹಲಗೆ ಸುಟ್ಟರು. ತೊಟ್ಟಿಲು ಕಟ್ಟಲು ಹೋಗಿ ಮೇಲಿನ ಕೊಂಡಿಯನ್ನೇ ಕಿತ್ತರು. ಮುಂಗಡ ಹಿಡಿದಿಟ್ಟರೆ ಜಗಳ. ಕಪಾಟಿಗೆ ಬೀಗ ಹಾಕಿದರೆ ಬೀಗವೇ ಹೋಯಿತು. ವಸಂತಿ ಬರುವ ಹೊತ್ತಿಗೆ ಬರೀ ಗೋಡೆ ಉಳಿದೀತು ಎಂಬ ಚಿಂತೆ ಅವನಿಗೆ ಹಿಡಿಯಿತು.

ನಮ್ಮ ಕಡೆ ಹಲಸಿನಕಾಯಿ ಕಳವಾಗುತ್ತಿದ್ದರೆ ಮರಕ್ಕೆ ಗರಿ ಕಟ್ಟಿ ಮನೆಯ ದೈವಕ್ಕೆ ಒಪ್ಪಿಸುತ್ತಾರೆ. ಆಮೇಲೆ ಕಳ್ಳ ಮುಟ್ಟುವುದಿಲ್ಲ. ಕಟ್ಟಿದವನೂ ಮುಟ್ಟುವಂತಿಲ್ಲ, ದೈವದ ಮುಂದೆ ಎಳನೀರಿಟ್ಟು, ಹೇಳಿಕೊಂಡು, ಬಿಚ್ಚಿಸಿದ ಮೇಲೆಯೇ ಮುಟ್ಟಬೇಕು. ಇದನ್ನು ಸ್ವಲ್ಪ ನೆನಪಿಡಿ.

ಬಾಗಿಲ ಚಿಲಕಕ್ಕೆ ಗರಿ ಸುತ್ತುತ್ತಿದ್ದಾಗ ಪಕ್ಕದ ಖೋಲಿಯ ಅಕ್ಕು, ನಮ್ಮೂರ ಕಡೆಯ ಮುದುಕಿ, ಬಾಗಿಲ ಸಂದಿನಿಂದ ಇಣುಕಿದಳು.

"ಎಂಥ ಮಾಡುದು ಮಾರಾಯಾ, ಈ ಹೊತ್ತಿನಲ್ಲಿ?" ಪಿಸುದನಿ.

"ಬಾಡಿಗೆಯವರ ಕಾಟ. ದೈವಕ್ಕೆ ಒಪ್ಪಿಸುದು."

"ಮರಕ್ಕೆ ಕಟ್ಟುದುಂಟು. ಮನುಷ್ಯರು ಇರುವ ಮನೆಗೆ ಕಟ್ಟುದುಂಟಾ? ಬಿಚ್ಚಲಿಕ್ಕೆ ಇಲ್ಲಿ ಯಾರಿದ್ದಾರೆ?"

"ನಾನಿದ್ದೇನಲ್ಲ."

"ಹೌದು, ನೀನೊಬ್ಬ ದೊಡ್ಡ ಜನ!" ಕಟಕ್... ಬಾಗಿಲು ಹಾಕಿಕೊಂಡಳು.

ಅಣ್ಣು ಗಂಟಿಗೆ ಬಾಯಿ ತಾಗಿಸಿ ಹೇಳಿದ: "ಇಲ್ಲಿಯದನ್ನು ಯಾರೇ ಕೆಡಿಸಲಿ... ಆ ಕೈಯನ್ನು ನೀನೇ ನೋಡಿಕೋ."

ಯಾರೇ ಎಂದ. ಬಾಡಿಗೆಯವರು ಎನ್ನಲಿಲ್ಲ.

ಆಮೇಲೆ ಬಂದವರು ಬಿಜಾಪುರದ ಸಿದ್ದರಾಮಪ್ಪ, ಅವನ ಹೆಂಡತಿ ಅಂಬವ್ವ. ಹೊರಡುವ ದಿನ ಕೀಲಿಕೈ ಕೊಡುತ್ತಾ ಅಂಬವ್ವ ಮುಖ ತಿರುವಿದಳು.

"ಅಲ್ರೀ ಅಣ್ಣಾರ, ದಿನಾ ರಾತ್ರಿ ಬಂದು ಪಾತ್ರಿ ಬಡದು ನೋಡಿ ಹೋಗ್ತೀರಲ್ಲ, ನಾವೇನ ಕಳ್ಳರು ಕಂಡೀವೇನ್ರಿ?"

"ನಾನಾ?"

"ಮತ್ತ್ಯಾರು? ಕತ್ತಲಾಗ ಟಣ್... ಟಣ್... ಅಂತ ಒಂದೊಂದ ಬಡೀತಿದ್ರಿ. ಇವರು ಅಂಗಿ ಹಾಕಾಕ ಗ್ವಾಡಿಗೆ ಒಂದ್ ಮೊಳಿ ಹೊಡದ್ರು ನೋಡ್ರಿ, ಮರುದಿನಾ ಕೈ ಜೋಮು ಹಿಡದು ಕುಂತತಿ."

ಸಿದ್ದರಾಮಪ್ಪ ಹೇಗೂ ಕಾಯಿಲೆಯವ. ಅದರದ್ದೇ ಇರಬೇಕು ಎಂದುಕೊಂಡ ಅಣ್ಣು. ಒಳಗೆ ಹೋಗಿ ನೋಡಿದ. ಗೋಡೆಯಲ್ಲಿ ಮೊಳೆಯಿರಲಿಲ್ಲ. ಮೊಳೆ ಹೊಡೆದ ತೂತೂ ಇರಲಿಲ್ಲ. ಎಲೆಯಡಿಕೆಯ ಕಲೆ ಹೋಗಿತ್ತು, ಸುಟ್ಟ ಹಲಗೆ ಹೊಸದರಂತಿತ್ತು. ಅವನಿಗೆ ಅಷ್ಟೇ ಸಾಕಾಯಿತು. ವಸಂತಿಯನ್ನು ಕರೆಸಿದ.

ಅವಳು ಬರುವ ಬೆಳಿಗ್ಗೆ, ಒಣಗಿದ ಗರಿಯನ್ನು ಹೋಟೆಲಿನ ಚೂರಿಯಿಂದ ಕೊಯ್ದು ಎಸೆದ. ಬಿಚ್ಚಿದ ಹಾಗಾಯಿತು ಎಂದುಕೊಂಡ. ಎಳನೀರು ಇಡಲಿಲ್ಲ, ಊರಿಗೆ ಹೇಳಿ ಕಳಿಸಲೂ ಇಲ್ಲ.

ವಸಂತಿ ಖೋಲಿಯ ನಡುವೆ ನಿಂತು ಎಲ್ಲ ಕಡೆ ನೋಡಿದಳು. "ಇದೆಲ್ಲ ನನಗಾ? ಮುಟ್ಟಬಹುದಾ, ಇಲ್ಲ ದೂರದಿಂದ ಕೈ ಮುಗಿಯಬೇಕಾ?"

ಅಣ್ಣು ನಕ್ಕ. ಅವಳು ಚಹಾ ಬಸಿಗೆ ಬಗ್ಗಿಸಿದಳು. ಬಸಿ ಜಾರಿತು. ಚಳ್...

"ಅಯ್ಯೋ, ಬಂದ ದಿನವೇ!" ಅವಳೂ ನಕ್ಕಳು. ಅಣ್ಣು ನಗಲಿಲ್ಲ.

ರಾತ್ರಿ ಅವಳಿಗೆ ನಿದ್ದೆ ಹತ್ತಿತು. ಅವನಿಗೆ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕಪಾಟಿನ ಹತ್ತಿರ... ಟಣ್. ಮತ್ತೆ, ಟಣ್. ಹಿತ್ತಾಳೆ ಮುಗಿಯಿತು. ಪಿಂಗಾಣಿಗೆ ಬಂತು. ಟಿಕ್... ಟಿಕ್... ಬಸಿ ಇರಬೇಕಾದ ಜಾಗದಲ್ಲಿ ನಿಂತಿತು.

ಆಮೇಲೆ ಸಿಮೆಂಟಿನ ಮೇಲೆ ಒದ್ದೆ ಪಾದ. ಪಚ್... ಪಚ್... ವಸಂತಿ ಮಲಗಿದ ಮಗ್ಗುಲಿಗೆ.

'ಅವಳು ಬಾಡಿಗೆಯವಳಲ್ಲ' ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಹೆದರಿಕೆಯೂ ಆಗಲಿಲ್ಲವಂತೆ. ಏನೂ ಆಗಲಿಲ್ಲ. ಬೇರೆ ಯಾರೋ ಮಲಗಿದ್ದಾರೆ, ತಾನು ನೋಡುತ್ತಿದ್ದೇನೆ, ಅಷ್ಟೇ.

ಬೆಳಿಗ್ಗೆ ಬಸಿ ಕಪಾಟಿನಲ್ಲಿತ್ತು. ಬಿರುಕಿಲ್ಲ. ವಸಂತಿ ಉರಿಯುವ ಸ್ಟವ್ವಿನಿಂದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು.

"ಕೈ! ಸುಡುವುದಿಲ್ಲವಾ?"

ಅವಳು ಬಲಗೈಯನ್ನು ತಿರುಗಿಸಿ ನೋಡಿದಳು. ಅಂಗಡಿಯಲ್ಲಿ ಸಾಮಾನು ನೋಡಿದ ಹಾಗೆ. "ಇಲ್ಲವಲ್ಲ," ಎಂದಳು.

ಡಾಕ್ಟರಿಗೆ ತೋರಿಸಿದರು. ಊರಿಗೆ ಹೋಗಿ ದೈವದ ಮುಂದೆ ಎಳನೀರಿಟ್ಟು ತಪ್ಪಾಯಿತೆಂದರು. ಕೈಗೆ ಜೀವ ಬರಲಿಲ್ಲ. ನಂಬದವರು ನಂಬಬೇಡಿ, ಆದರೆ ಒಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅತ್ತಿಗೆಯ ಎಡಗೈಯ ಉಗುರು ಎಲ್ಲರ ಹಾಗೆ ಬೆಳೆಯುತ್ತದೆ, ಕತ್ತರಿಸುತ್ತಾರೆ. ಬಲಗೈಯದು ಅಂದಿನಿಂದ ಬೆಳೆದೇ ಇಲ್ಲ. ಇದು ಹೇಗೆಂದರೆ, ಉಗುರು ಬೆಳೆಯಲು ರಕ್ತ ಓಡಾಡಬೇಕಂತೆ, ರಕ್ತವೇನೋ ಓಡಾಡುತ್ತದೆ, ನಾಡಿ ನಾನೇ ಹಿಡಿದು ನೋಡಿದ್ದೇನೆ, ಹಾಗಿರುವಾಗ ಈ ಕೈ... ಬಂದೆ ಅತ್ತಿಗೇ! ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯಾಗಿದೆಯಂತೆ, ಕರೆಯುತ್ತಿದ್ದಾರೆ. ಅದಕ್ಕೆ ಎರಡು ಕೈ ಬೇಕು, ಹಾಗಾಗಿ